ಮೂರನೆಯ ವರ್ಷದ ಗೆರೆ

ಪರದೆಯ ಮೇಲೆ ತನ್ನ ಹಲ್ಲು ಬಾಗಿಲಿನಷ್ಟು ದೊಡ್ಡದಾಗಿ ಮೂಡಿದ್ದೇ ಮುದಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿ ತಂಗಿ ಶಿವಬಸಮ್ಮ ಕಿಸಕ್ಕನೆ ನಕ್ಕಳು. ಕೊಪ್ಪಳದಲ್ಲಿ ಹಲ್ಲಿನ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಸಂಶೋಧನೆ ಮಾಡುತ್ತಿದ್ದ ಹೇಮಾ, ಅವಳಿಗಳು ಬೇಕೆಂದು ಇಬ್ಬರನ್ನೂ ಕರೆಸಿ ಮುಂದಿನ ಹಲ್ಲುಗಳ ಅಚ್ಚು ತೆಗೆದುಕೊಂಡಿದ್ದಳು.

ಅರವತ್ತು ದಾಟಿದ ಅಕ್ಕತಂಗಿಯರ ನಡುವೆ ಮಾತು ಅಷ್ಟಕ್ಕಷ್ಟೆ. ಅಪ್ಪ ತೀರಿಕೊಂಡ ವರ್ಷ ಅವ್ವ ಶಿವಬಸಮ್ಮನನ್ನು ಯಲಬುರ್ಗಿಯಲ್ಲಿ ತನ್ನ ಹತ್ತಿರವೇ ಇಟ್ಟುಕೊಂಡು, ಮುದಕಮ್ಮನನ್ನು ಭತ್ತ ಬೆಳೆಯುವ ಮರಳಿ ಎಂಬ ಊರಿನ ದೊಡ್ಡವ್ವನ ಮನೆಗೆ ಕಳಿಸಿಬಿಟ್ಟಿದ್ದಳು. ‘ಬ್ಯಾಡಾದಾಕಿ ನಾನು’ ಎಂಬ ಮಾತನ್ನು ಮುದಕಮ್ಮ ಅವ್ವನನ್ನು ಮಣ್ಣು ಮಾಡುವಾಗಲೂ ಆಡಿದ್ದಳು.

“ಹಲ್ಲು ಒಸಡಿನಾಗ ಬೆಳಿಯೂವಾಗ ಹಿಂಗ ಸಣ್ಣ ಗೆರಿ ಬೀಳ್ತಾವ ನೋಡ್ರಿ” ಎಂದಳು ಹೇಮಾ.

“ಭತ್ತದ ಸಸಿ ಹಚ್ಚಿದಂಗ ಅದಾವಲ್ರಿ ಮೇಡಮ್ಮಾರ!” ಎಂದಳು ಮುದಕಮ್ಮ.

“ಹೌದ್ರಿ, ನಿಮ್ಮವು ಒಂದೇ ಸಮ ಅದಾವ. ಇದು ನಿಮ್ಮ ತಂಗಿಯವರದು.”

ಚಿತ್ರ ಬದಲಾಯಿತು. ಅವೇ ಗೆರೆಗಳು, ಅದೇ ಹೊಳಪು. ಆದರೆ ನಡುವೆ ಅಡ್ಡಕ್ಕೆ ಒಂದು ಆಳವಾದ ತಗ್ಗು ಬಿದ್ದಿತ್ತು.

“ಇದು ಮೂರು ವರ್ಷದ ಕೂಸಿದ್ದಾಗ ಬಿದ್ದದ್ದು. ದೊಡ್ಡ ಜಡ್ಡರ ಆಗಿರಬೇಕು, ಇಲ್ಲಾ ಹೊಟ್ಟಿಗೆ ಇಲ್ಲದಂಗರ ಆಗಿರಬೇಕು.”

“ಜಡ್ಡಲ್ರಿ” ಎಂದಳು ಶಿವಬಸಮ್ಮ. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. “ಅಪ್ಪ ಹೋದ ವರ್ಷ ಬರೇ ಸೊಪ್ಪು ಕುದಿಸಿ ಕುಡಿಸೀನಿ ಅಂತಿದ್ಲು ಅವ್ವ. ಒಬ್ಬಾಕೀನ್ನ ಅಷ್ಟ ಇಟ್ಕೋತೀನಿ ಅಂದಿದ್ಲಂತ ದೊಡ್ಡವ್ವ.”

ಮುದಕಮ್ಮ ತಂಗಿಯ ಕಡೆ ತಿರುಗಿದಳು. “ನನಗ್ಯಾಕ ಹೇಳಲಿಲ್ಲ?”

“ಅವ್ವನ ಹೇಳಬ್ಯಾಡ ಅಂದಿದ್ಲು. ಗೊತ್ತಾದ್ರ ಆಕೀಗೆ ಅಲ್ಲಿ ತುತ್ತು ಇಳಿಯಾಂಗಿಲ್ಲ ಅಂತಿದ್ಲು.”

ಮರಳಿಯಲ್ಲಿ ಅವ್ವ ಬೇಕೆಂದು ಹಟ ಹಿಡಿದು, ಬಿಸಿ ಅನ್ನದ ಗಂಗಾಳವನ್ನು ಒದ್ದದ್ದು ಮುದಕಮ್ಮನಿಗೆ ನೆನಪಾಯಿತು. ದೊಡ್ಡವ್ವ ಗದರಿಸದೆ, ಚೆಲ್ಲಿದ ಅಗುಳನ್ನೆಲ್ಲ ಬಳಿದು ಮತ್ತೆ ಉಣಿಸಿದ್ದಳು. ಆಗ ಯಲಬುರ್ಗಿಯಲ್ಲಿ ಒಲೆಯ ಮೇಲೆ ಏನಿತ್ತು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಹೇಮಾ ಇನ್ನೂ ಏನೋ ವಿವರಿಸುತ್ತಿದ್ದಳು. ಮುದಕಮ್ಮ ಕೇಳಿಸಿಕೊಳ್ಳಲಿಲ್ಲ. ತಂಗಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

“ಮುಂಜಾನಿಂದ ಏನರ ತಿಂದೀಯೇನ, ಶಿವಬಸೂ?”