ತೊಳೆಯದ ಲಾರಿ

“ಮನುಷ್ಯನನ್ನೇನೋ ಹೂಳಬಹುದು. ಈ ನಾತಾನ ಎಲ್ಲಿ ಹೂಳೋದು?”

ಚರ್ಚಿನ ಮೆಟ್ಟಿಲ ಮೇಲೆ ನಿಂತು, ಕರವಸ್ತ್ರವನ್ನು ಮೂಗಿಗೊತ್ತಿಕೊಂಡು, ಲವಾನ್ ಮುದುಕಿ ಗಾಳಿಯನ್ನೇ ಕೇಳಿದಳು. ಗಾಳಿ ಇನ್ನಷ್ಟು ನಾತ ತಂದು ಸುರಿಯಿತು.

ಲಾರಿ ಬೇಲಿಯ ಪಕ್ಕ ನಿಂತಿತ್ತು. ಆರ್ಡೆನ್ ಫ್ರೆರಿಕ್ಸ್ ಜೀವಮಾನವಿಡೀ ಅದರಲ್ಲಿ ನೆಬ್ರಾಸ್ಕದ ಹೊಲಮನೆಗಳಿಂದ ಸತ್ತ ದನ, ಹಂದಿಗಳನ್ನು ಎತ್ತಿಕೊಂಡು ಕೊಬ್ಬು ಕರಗಿಸುವ ಕಾರ್ಖಾನೆಗೆ ಸಾಗಿಸಿದ್ದ. ಈಗ ಅವನೇ ಚರ್ಚಿನೊಳಗೆ, ಪೆಟ್ಟಿಗೆಯಲ್ಲಿ, ಬಾವುಟ ಹೊದ್ದು ಮಲಗಿದ್ದ. ಮಗಳು ಜೋಲೀನ್ ಪ್ರಾರ್ಥನೆಗೆ ತಡವಾಗಿ ಬಂದಿದ್ದಳು. ಅದೂ ಆ ಲಾರಿಯಲ್ಲೇ.

ಯೋಧರ ಸ್ಮಶಾನ ಪಕ್ಕದ ಕೌಂಟಿಯಲ್ಲಿ, ಅಂದರೆ ಪಕ್ಕದ ಜಿಲ್ಲೆಯಲ್ಲಿ. ಹೊರಡುವ ಮೊದಲು ನೆಲಮಾಳಿಗೆಯಲ್ಲಿ ಊಟ: ಹಂದಿಮಾಂಸದ ಬನ್ನು, ಆಲೂಗಡ್ಡೆ, ಹಸಿರು ಜೆಲ್ಲಿ. ಉಣ್ಣುತ್ತಲೇ ಸತ್ತವನನ್ನು ನೆನೆದರು.

“ಹೊಲದಲ್ಲೇ ಹುಟ್ಟಿ ಬೆಳೆದೋನು. ಕಾಲು ಎಟುಕೋಕೆ ಮುಂಚೇನೇ ಟ್ರ್ಯಾಕ್ಟರ್ ಹೊಡೀತಿದ್ದ.”

“ವಿಯೆಟ್ನಾಮಲ್ಲಿ ಗಾಯಾಳುಗಳ ಗಾಡಿ ಓಡಿಸ್ದ. ಒಬ್ಬರನ್ನೂ ಬಿಟ್ಟು ಬರ್ಲಿಲ್ವಂತೆ.”

“ವಾಪಸ್ ಬಂದಾಗ ದಿನಸಿ ಲಾರಿ ಕೊಡ್ತೀವಿ ಅಂದ್ರು. ಬೇಡ, ಈ ಹೆಣದ ಲಾರೀನೇ ಬೇಕು ಅಂದ!”

“ಅದರಲ್ಲೂ ಸೀಟಿನ ಹಿಂದೆ ಮಲಗೋ ಗೂಡಿಗೆ ವಾರವಾರ ಒಗೆದ ಕೌದಿ,” ಎಂದಳು ಲವಾನ್. “ಚರಂಡಿಗೆ ಕಸೂತಿ ಪರದೆ!”

ಎಲ್ಲರೂ ನಕ್ಕರು. ಜೋಲೀನ್ ನಗಲಿಲ್ಲ.

ಕೌಂಟಿಯ ಪೊಲೀಸರ ಮುಖ್ಯಸ್ಥ, ಶೆರಿಫ್ ಡ್ವೈಟ್, ಟೋಪಿಯನ್ನು ಎದೆಗಿಟ್ಟುಕೊಂಡು ಎದ್ದ. “ಈ ಕೌಂಟೀಲಿ ನಾನು ತಡೆದು ನೋಡದ ಗಾಡಿ ಇಲ್ಲ. ಆರ್ಡೆನ್ ಲಾರಿ ಒಂದು ಬಿಟ್ಟು! ಅದರ ಬಾಗಿಲು ತೆಗೆಯೋ ಗಂಡು ಇನ್ನೂ ಹುಟ್ಟಿಲ್ಲ ಬಿಡಿ.”

ಜೋಲೀನಳ ಹೆಗಲ ಮೇಲೆ ಅವನ ಕೈ ಬಿತ್ತು. ಅವಳು ಮುಖ ಕಿವುಚಿದಳು. ಹೆಗಲನ್ನು ಸರಿಸಿಕೊಂಡಳು. ಪಾಪ, ಅಪ್ಪನ ಹೆಸರೆತ್ತಿದರೇ ವಾಕರಿಕೆ, ಎಂದುಕೊಂಡರು ಜನ.

“ನಿನ್ನ ಹೆಂಡ್ತಿ ರೊಂಡಾ ಬರ್ಲಿಲ್ವೇನಪ್ಪಾ?” ಲವಾನ್ ಕೇಳಿದಳು.

“ಮನೇಲಿದಾಳೆ. ಮತ್ತೆ ಮೆಟ್ಟಿಲಲ್ಲಿ ಜಾರಿದ್ಲು. ಮುಖವೆಲ್ಲ ಊತ.”

“ಆ ಮೆಟ್ಟಿಲು ರಿಪೇರಿ ಮಾಡಿಸು.”

ಯಾರೂ ತಲೆಯೆತ್ತಲಿಲ್ಲ. ಎಲ್ಲರಿಗೂ ಕಾಫಿಯಲ್ಲೇನೋ ಕಂಡಂತಿತ್ತು.

ಜೋಲೀನ್ ಒಂದು ತಟ್ಟೆ ತುಂಬಿಕೊಂಡು, ಮೇಲೊಂದು ಬಟ್ಟೆ ಮುಚ್ಚಿ, ಲಾರಿಯತ್ತ ನಡೆದಳು.

“ಆ ಗಬ್ಬಲ್ಲಿ ಕೂತು ಉಣ್ತಾಳಾ!” ಲವಾನಳ ಕೈಯಲ್ಲಿದ್ದ ಜೆಲ್ಲಿ ತಟ್ಟೆಗೆ ಮರಳಿತು.

ಜೋಲೀನ್ ಲಾರಿಯಿಂದ ಕೆಳಗಿಳಿದು ಬಾಗಿಲಿಗೆ ಕೀಲಿ ಹಾಕುತ್ತಿದ್ದಾಗ ಡ್ವೈಟ್ ಬಂದ. ಮೂಗು ಹಿಡಿದು ದೂರದಲ್ಲೇ ನಿಂತ.

“ಕೀಲಿ ಕೊಡು ಜೋಲೀನ್. ಫೈರ್ ಸ್ಟೇಷನ್ ಹುಡುಗರು ಒಳಗೂ ಹೊರಗೂ ತೊಳೆದು ಕೊಡ್ತಾರೆ. ನಿಮ್ಮಪ್ಪನ ಕೊನೇ ಮೆರವಣಿಗೆ. ಲಾರಿ ಮದುಮಗಳ ಥರ ಹೋಗ್ಲಿ.”

“ತೊಳೆಯೋದು ಬೇಡ.”

“ಅಪ್ಪನ ಲಾರಿ ತೊಳೆಸೋಕೂ ಅಷ್ಟು ಅಸಹ್ಯಾನಾ?”

“ಅಸಹ್ಯ ಬೇಕಾದಷ್ಟಿದೆ,” ಅವನನ್ನೇ ನೋಡುತ್ತ ಹೇಳಿದಳು. “ನೀನು ಮುಂದೆ ನಡಿ. ನಾನು ಕೊನೇಲಿ ಬರ್ತೀನಿ. ನಾತ ಯಾರಿಗೂ ಹೊಡೆಯೋದು ಬೇಡ.”

ಡ್ವೈಟ್ ಭುಜ ಹಾರಿಸಿ ತನ್ನ ಕಾರು ಹತ್ತಿದ. ಕೆಂಪು-ನೀಲಿ ದೀಪ ತಿರುಗಿಸುತ್ತ ಅವನೇ ದಾರಿ ಬಿಡಿಸಿದ. ಅವನ ಹಿಂದೆ ಶವದ ಗಾಡಿ, ಅದರ ಹಿಂದೆ ಊರಿನ ಕಾರುಗಳು, ಎಲ್ಲಕ್ಕಿಂತ ಹಿಂದೆ ಲಾರಿ. ಜೋಳದ ಹೊಲಗಳ ನಡುವೆ ಎದುರು ಬಂದ ರೈತರು ಗಾಡಿ ನಿಲ್ಲಿಸಿ ಟೋಪಿ ತೆಗೆದರು. ಲಾರಿ ಹಾಯುವಾಗ ಅದೇ ಟೋಪಿಯನ್ನು ಮೂಗಿಗೆ ಒತ್ತಿಕೊಂಡರು.

ಡ್ವೈಟನ ಅಧಿಕಾರ ಮುಗಿಯುವ ಕೌಂಟಿಯ ಗಡಿ ಇನ್ನೂ ಎರಡು ಮೈಲಿ ಇತ್ತು. ಸೀಟಿನ ಹಿಂದಿನ ಪರದೆ ಅಲುಗಾಡಿತು. ಕೌದಿಯ ಮರೆಯಿಂದ, ಊದಿದ ತುಟಿಗಳ ನಡುವಿನಿಂದ, ಒಂದು ಹೆಣ್ಣುದನಿ ಬಂತು.

“ಕಿಟಕಿ ಒಂಚೂರು ಇಳಿಸ್ತೀಯಾ ಜೋಲೀನ್? ನಾತ ತಡೆಯೋಕಾಗ್ತಿಲ್ಲ.”

“ಇಳಿಸಲ್ಲ ರೊಂಡಾ. ಗಡಿ ದಾಟೋವರೆಗೂ ಅಪ್ಪ ಯಾವ ಹೆಂಗಸಿಗೂ ಇಳಿಸ್ತಿರ್ಲಿಲ್ಲ. ಪರದೆ ಎಳ್ಕೋ, ಮುಂದೆ ಹೋಗ್ತಿರೋನು ನಿನ್ನ ಗಂಡ.”