ಪಾಠ ನಿಂತ ಮಧ್ಯಾಹ್ನ

ಪಕ್ಕದ ಫ್ಲಾಟಿನಿಂದ ಕೇಳುತ್ತಿದ್ದ ಪಾಠ ಅರ್ಧ ವಾಕ್ಯಕ್ಕೇ ನಿಂತಿತು. ಹಿಂದೆಯೇ ಏನೋ ಭಾರವಾದದ್ದು ಬಿದ್ದ ಸದ್ದು. ಚಪಾತಿ ಹಿಟ್ಟು ನಾದುತ್ತಿದ್ದ ನಫೀಸಾ ಗೋಡೆಗೆ ಕಿವಿಕೊಟ್ಟಳು. ಮತ್ತೆ ಕೆಮ್ಮೂ ಕೇಳಲಿಲ್ಲ.

ಆಚೆ ಇದ್ದವರು ರೆವರೆಂಡ್ ಟಾಲಿವರ್. ಎಪ್ಪತ್ತು ದಾಟಿದ ಆಫ್ರಿಕನ್-ಅಮೆರಿಕನ್ ಪಾದ್ರಿ. ಪಾದ್ರಿಗಳಾಗುವವರಿಗೆ ಕಲಿಸಲೆಂದು ಕ್ವಾಲಾಲಂಪುರಕ್ಕೆ ಬಂದು, ಗಡಿ ಮುಚ್ಚಿದ ಮೇಲೆ ಮಾಂಟ್ ಕಿಯಾರಾದ ಈ ಕಟ್ಟಡದಲ್ಲಿ ಒಬ್ಬರೇ ಉಳಿದವರು. ಮೊನ್ನೆ ಅವರಿಗೆ ಕೋವಿಡ್ ಬಂದಾಗ ಆಸ್ಪತ್ರೆಗಳೆಲ್ಲ ತುಂಬಿದ್ದವು. ಆರೋಗ್ಯ ಇಲಾಖೆಯವರು ಕೈಗೊಂದು ಗುಲಾಬಿ ಬಣ್ಣದ ಕ್ವಾರಂಟೈನ್ ಪಟ್ಟಿ ಕಟ್ಟಿ ಮನೆಯಲ್ಲೇ ಇರಿ ಎಂದಿದ್ದರು. ಅಂದೇ ಅವರು ತಮ್ಮ ಬಾಗಿಲಿನ ಕೀ ತಂದು ನಫೀಸಾಳ ಬಾಗಿಲಿಗೆ ನೇತುಹಾಕಿ, ದೂರ ನಿಂತು ಹೇಳಿದ್ದರು: "ಅಕಸ್ಮಾತ್ ಬೇಕಾದರೆ ಇರಲಿ. ನಿನಗೆ ಭಯವಾದರೆ ಬರಬೇಡ ಮಗಳೇ. ಅದು ತಪ್ಪಲ್ಲ."

ನಫೀಸಾ ಕ್ಲಾಂಗ್ ಬಂದರಿನಲ್ಲಿ ಡ್ಯೂಟಿಯಲ್ಲಿದ್ದ ಗಂಡ ಖಲಂದರ್‌ಗೆ ಫೋನ್ ಮಾಡಿದಳು. "ಒಳಗೆ ಹೋಗಬೇಡ ನಫೀಸಾ, ಮನೇಲಿ ಮಗು ಇದೆ, ಶಿಫಾಗೆ ಅಸ್ತಮಾ. ಆಂಬುಲೆನ್ಸಿಗೆ ನಾನು ಹೇಳ್ತೀನಿ, ನೀನು ಗಾರ್ಡಿಗೆ ಹೇಳು," ಎಂದ ಅವನು. ಗಾರ್ಡ್ ಕೆಳಗಿನಿಂದಲೇ, "ಕೆನಾಟ್ ಲಾ, ಮೇಡಂ, ಬರಕ್ಕಾಗಲ್ಲ. ಪಾಸಿಟಿವ್ ಮನೆ," ಎಂದು ಇಂಟರ್‌ಕಾಮ್ ಇಟ್ಟುಬಿಟ್ಟ.

ಅವಳು ಕೀ ಹಿಡಿದು ಹೊಸ್ತಿಲಲ್ಲೇ ನಿಂತಳು. ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಅವಳ ಅಣ್ಣ ಇದೇ ರೋಗದಿಂದ ಮುಚ್ಚಿದ ಕೋಣೆಯೊಳಗೆ ತೀರಿಕೊಂಡಿದ್ದ. ಬಾಗಿಲ ಹೊರಗೆ ತಟ್ಟೆ ಇಟ್ಟು ಬಂದವರು ಯಾರೂ ಒಳಗೆ ಇಣುಕಿರಲಿಲ್ಲ. ಅವರನ್ನು ಅವಳು ಬಾಯಿಗೆ ಬಂದಂತೆ ಬೈದಿದ್ದಳು. ಈಗ ಅವಳ ಕಾಲೂ ಏಳಲಿಲ್ಲ. ಒಮ್ಮೆ ರೆವರೆಂಡ್ ಅಮೆರಿಕದಲ್ಲಿ ತಮ್ಮ ಮೊದಲ ಇಗರ್ಜಿಗೆ ಊರಿನ ಬಿಳಿಯರು ಬೆಂಕಿಯಿಟ್ಟ ಕಥೆ ಹೇಳಿದ್ದರು. ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು ಅವಳು ಕೇಳಿದ್ದಳು. "ಆಯಿತು. ರಾತ್ರಿಯಿಡೀ ಮಂಚದ ಕೆಳಗೆ ಅಡಗಿದ್ದೆ. ಬೆಳಗಾದ ಮೇಲೆ ಹೋಗಿ ಬೂದಿ ಗುಡಿಸಿದೆ," ಎಂದಿದ್ದರು.

ಎರಡು ಮಾಸ್ಕ್ ಹಾಕಿಕೊಂಡು, ಶಿಫಾಳನ್ನು ಟಿವಿ ಮುಂದೆ ಕೂರಿಸಿ, ಅವಳು ಬೀಗ ತೆಗೆದಳು. ರೆವರೆಂಡ್ ಕುರ್ಚಿಯ ಪಕ್ಕ ಅಂಗಾತ ಬಿದ್ದಿದ್ದರು. ತುಟಿ ನೀಲಿಗಟ್ಟಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು; ಅದರ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದವರು ಅವಳನ್ನು ಕಂಡು ಗಪ್ಪಾದರು.

"ನಾನು ಮನಿಲಾದಿಂದ ಮಾತಾಡ್ತಿದ್ದೀನಿ. ಮೊದಲು ನರ್ಸ್ ಆಗಿದ್ದೆ," ಎಂದಳು ಅವರಲ್ಲೊಬ್ಬ ಹೆಂಗಸು. "ತಂಗಿ, ಅವರನ್ನು ಬೋರಲು ಮಲಗಿಸಬೇಕು. ಹತ್ತಿರ ಹೋಗ್ತೀರಾ?"

"ನನಗೆ ಭಯ ಆಗ್ತಿದೆ."

"ನಮಗೂ."

ನಫೀಸಾ ಬಗ್ಗಿದಳು. ಆ ಭಾರಿ ದೇಹವನ್ನು ಹೊರಳಿಸುವಷ್ಟರಲ್ಲಿ ಅವಳ ಉಸಿರೇ ಹೋದಂತಾಯಿತು. ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಎದೆಯಡಿಗೆ ದಿಂಬು ಕೊಟ್ಟಳು. ಮುದುಕರು ಗೊರಗೊರ ಎಂದು ಉಸಿರೆಳೆದು, ಕಣ್ಣು ತೆರೆಯದೆಯೇ ಅವಳ ಬೆರಳುಗಳನ್ನು ಹಿಡಿದುಕೊಂಡರು. ಬಿಡಿಸಿಕೊಂಡು ಓಡಿಬಿಡೋಣ ಅನ್ನಿಸಿತು. ಪರದೆಯ ಮೇಲಿನವರು ಒಬ್ಬೊಬ್ಬರಾಗಿ ಮುದುಕರಿಗೆ ಕೇಳುವಂತೆ ತಮ್ಮ ಹೆಸರು, ಊರು ಹೇಳತೊಡಗಿದರು. ಕಂಪಾಲಾ, ಐಜಾಲ್, ಸಬಾದ ಯಾವುದೋ ಹಳ್ಳಿ. ನಲವತ್ತು ವರ್ಷ ಅವರು ತಯಾರು ಮಾಡಿದ ಶಿಷ್ಯರು, ಶಿಷ್ಯರ ಶಿಷ್ಯರು. ಆಂಬುಲೆನ್ಸಿನವರು ಬಿಳಿ ಸೂಟುಗಳಲ್ಲಿ ಬರುವವರೆಗೂ ಒಬ್ಬರೂ ಎದ್ದು ಹೋಗಲಿಲ್ಲ.

ಸ್ಟ್ರೆಚರ್ ಲಿಫ್ಟಿನೊಳಗೆ ಹೋದ ಮೇಲೆ ನಫೀಸಾ ಮನೆಯತ್ತ ತಿರುಗಿದಳು. ಬಾಗಿಲಲ್ಲಿ ಶಿಫಾ ನಿಂತಿದ್ದಳು, ಎತ್ತಿಕೋ ಎಂದು ಎರಡೂ ಕೈ ಚಾಚಿ.

"ಹತ್ತಿರ ಬರಬೇಡ!"

ಮಗು ಬೆಚ್ಚಿತು. "ಮಮ್ಮಿ, ವೈ?"

"ಒಳಗೆ ಹೋಗಿ ಬಾಗಿಲು ಹಾಕ್ಕೋ ಬಂಗಾರ. ಅಬ್ಬಾ ಬರ್ತಾರೆ. ಆಮೇಲೆ ಹೇಳ್ತೀನಿ." ಬಾಗಿಲು ಮುಚ್ಚಿದ್ದು ನೋಡಿ, ಅವಳು ಮತ್ತೆ ಪಾದ್ರಿಯ ಮನೆಗೇ ಹೋಗಿ ನೆಲದ ಮೇಲೆ ಕುಸಿದಳು. ತನ್ನ ಗಂಟಲಿನಲ್ಲಿ ಕೆರೆತ ಇದೆಯೋ ಇಲ್ಲವೋ ಎಂದು ನುಂಗಿ ನುಂಗಿ ನೋಡಿಕೊಂಡಳು.

ಅವಳ ಪ್ರತ್ಯೇಕವಾಸ ಅಲ್ಲೇ ನಡೆಯಿತು. ಖಲಂದರ್ ಬಾಗಿಲ ಹೊರಗೆ ಊಟ ಇಡುತ್ತಿದ್ದ. ಮೊದಲ ದಿನ ಸಿಟ್ಟಿನಲ್ಲಿ ಮಾತಾಡಲಿಲ್ಲ. ಎರಡನೇ ದಿನ ಬಾಗಿಲಿಗೊರಗಿ ಕೂತು, "ತಿನ್ನು, ನಾನು ಇಲ್ಲೇ ಇರ್ತೀನಿ," ಎಂದ. ರೆವರೆಂಡ್ ಆ ವಾರವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಶವಪೆಟ್ಟಿಗೆಯ ಹತ್ತಿರ ಶಿಷ್ಯರಲ್ಲಿ ಒಬ್ಬರಿಗೂ ಹೋಗಲಾಗಲಿಲ್ಲ. ನಫೀಸಾಳ ಪರೀಕ್ಷೆ ಎರಡು ಸಲವೂ ನೆಗೆಟಿವ್ ಬಂತು. ಆದರೂ ಅವಳು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. ಬೆರಳ ಸಂದಿಯ ಚರ್ಮ ಸುಲಿದು ಉರಿಯುತ್ತಿತ್ತು.

ಮನೆಗೆ ಹೊರಡುವ ದಿನ ಮನಿಲಾದ ಹೆಂಗಸು ವಿಡಿಯೊ ಕರೆ ಮಾಡಿದಳು. ಪರದೆಯ ಚೌಕಗಳಲ್ಲಿ ಉಳಿದವರೆಲ್ಲ ಇದ್ದರು. ಯಾರೂ ಪ್ರಾರ್ಥನೆ ಮಾಡಲಿಲ್ಲ, ಧನ್ಯವಾದ ಹೇಳಲಿಲ್ಲ. ಆ ಹೆಂಗಸು ಕೇಳಿದಳು:

"ತಂಗಿ, ಅವರ ಕೈ ಹೇಗಿತ್ತು?"

ನಫೀಸಾ ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡಳು.

"ಬೆಚ್ಚಗಿತ್ತು," ಎಂದಳು. "ಹೆದರಿದ ಮಕ್ಕಳು ಹಿಡ್ಕೋತಾರಲ್ಲ, ಹಾಗೆ ಹಿಡ್ಕೊಂಡಿದ್ದರು."