ನಾಲ್ಕನೇ ದೀಪ

ವಾಲಿಬಾಲ್ ಅಂಕಣದ ನಾಲ್ಕನೇ ದೀಪ ಹೊತ್ತಿಕೊಂಡದ್ದೇ ತಡ, ಹುಡುಗಿಯರೆಲ್ಲ ಹೋ ಎಂದು ಕೂಗಿಕೊಂಡು ಆಟಕ್ಕಿಳಿದರು. ಅಂಚಿನಲ್ಲಿ ನಿಂತಿದ್ದ ಅಂಕಮ್ಮ ಮಾತ್ರ ತಿರುಗಿ ತನ್ನ ಮನೆಯ ಚಪ್ಪರದ ಕಡೆ ನೋಡಿದಳು. ಅಲ್ಲಿ ಸಾಲಾಗಿ ಒರಗಿಸಿದ್ದ ಬಿದಿರಿನ ಚಂದ್ರಿಕೆಗಳ ಮೇಲೂ ಬೆಳಕು ಹಾಡುಹಗಲಿನಂತೆ ಬಿದ್ದಿತ್ತು. ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಆ ಬೆಳಿಗ್ಗೆಯಷ್ಟೇ ಅವುಗಳ ಮೇಲೆ ಬಿಟ್ಟಿದ್ದಳು.

ಕಾಲು ಗಂಟೆ ಬಿಟ್ಟು ಹೋಗಿ ನೋಡಿದರೆ, ಹುಳುಗಳು ಬೆಳಕಿಗೆ ಬೆನ್ನು ಮಾಡಿ ನೆರಳಿದ್ದ ಅಂಚಿಗೆ ಸರಿದು, ಒಂದರ ಮೇಲೊಂದು ಮುತ್ತಿಕೊಳ್ಳುತ್ತಿದ್ದವು. ಇಪ್ಪತ್ತೈದು ದಿನ ಸೊಪ್ಪು ಹಾಕಿ ಸಾಕಿದ ಹುಳು. ಅಂಕಮ್ಮ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಬಲೆಯ ಬಳಿ ಮಗಳು ಶ್ವೇತ ನೆಗೆಯುತ್ತಿದ್ದಳು. ಶನಿವಾರ ಚನ್ನಪಟ್ಟಣದಲ್ಲಿ ಅವರ ಮೊದಲ ಪಂದ್ಯ. ಸ್ಕೂಲು ಬಿಟ್ಟು ಬಂದು, ಸೊಪ್ಪು ಕೊಯ್ದು ಮುಗಿಸುವಷ್ಟರಲ್ಲಿ ದಿನವೂ ಕತ್ತಲಾಗುತ್ತಿತ್ತು. ಎಂಥ ದೀಪ ತರಬೇಕೆನ್ನುವಾಗಲೂ ಅವಳದೇ ಹಟ: "ಮೂಲೆಮೂಲೆಗೂ ಬೀಳೋ ಅಂಥದ್ದೇ ತನ್ನಿ ಆಫ್ತಾಬಣ್ಣ. ನಾನು ಸರ್ವಿಸ್ ಮಾಡೋ ಮೂಲೆ ಕತ್ತಲಾದ್ರೆ ಏನ್ ಬಂತು?" ಕೆಳಕ್ಕಷ್ಟೇ ಬೆಳಕು ಬೀರುವ ದೀಪಗಳನ್ನು ಬಿಟ್ಟು ಎಲೆಕ್ಟ್ರಿಷಿಯನ್ ಆಫ್ತಾಬ್ ಇವನ್ನು ತಂದಿದ್ದ.

ನೀರು ಕುಡಿಯಲು ಬಂದ ಶ್ವೇತ ಚಂದ್ರಿಕೆ ನೋಡಿ ಚೊಂಬು ಕೆಳಗಿಟ್ಟಳು.

"ಯಾಕವ್ವ ಬಾಯೇ ಬುಡ್ನಿಲ್ಲ ನೀನು?"

"ನೀನು ನೆಗೀತಿದ್ದೆ ಕಣ್ ಮಗ. ನೋಡ್ತಾ ನಿಂತ್ಕಂಡೆ."

ಶ್ವೇತ ಅಲ್ಲಿಂದಲೇ ಕೂಗಿದಳು. ಆಫ್ತಾಬ್ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದ. "ಏನಕ್ಕಾ, ಈಗ ತಾನೆ ಹಚ್ಚಿದೀನಿ, ಆಗ್ಲೇ ಯಾರ ಕಣ್ಣು ಬಿತ್ತು?" ಎಂದವನು ಬಗ್ಗಿ ನೋಡಿ ನಗು ನಿಲ್ಲಿಸಿದ. "ಅರೆ! ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದ್ರೆ ಎಳೆಯೆಲ್ಲ ಸಿಕ್ಕು. ನಮ್ಮಮ್ಮ ರಾಮನಗರದಲ್ಲಿ ನೂಲು ಬಿಚ್ಚೋರು. ಇಂಥ ಗೂಡು ಬಂದ್ರೆ ಬೆಳೆದೋರನ್ನ ಸುಮ್ನೆ ಬುಡ್ತಿರಲಿಲ್ಲ."

"ಈಗ ನನ್ನ ಬೈಸ್ತೀಯೇನಪ್ಪ?"

"ಗೋಣಿತಾಟು ಅಡ್ಡ ಕಟ್ಟಾಣ?"

"ಗಾಳಿ ಆಡಲ್ಲ. ಎತ್ತಿಡಾಣ ಅಂದ್ರೆ, ಗೂಡಿಗೆ ಕುಂತ ಹುಳನ ಅಲುಗಿಸಂಗಿಲ್ಲ."

ಆಫ್ತಾಬ್ ಎದುರಿನ ಕಂಬವನ್ನು ದಿಟ್ಟಿಸಿದ. "ಹಂಗಾದ್ರೆ ಆ ದೀಪನೇ ಒಸಿ ತಗ್ಗಿಸಿ, ತಗಡಿನ ಟೋಪಿ ಹಾಕ್ತೀನಿ. ಆದ್ರೆ ಈ ಕಡೆ ಮೂಲೆಗೆ ಬೆಳಕು ಬೀಳಲ್ಲ."

"ಯಾರು ನಿಲ್ಲೋ ಮೂಲೆ ಅದು?" ಅಂಕಮ್ಮ ಕೇಳಿದಳು. ಅವನು ಶ್ವೇತಳ ಕಡೆ ನೋಡಿದ.

"ನಂದು," ಎಂದಳು ಶ್ವೇತ. "ಹಾಕಣ್ಣ."

"ಬ್ಯಾಡ ಮಗ. ಹುಳ ಹೋದ್ರೆ ಇನ್ನೊಂದು ಬೆಳೆ ತೆಗಿಬೈದು. ನಿನ್ನ ಮೊದಲನೇ ಪಂದ್ಯ ಇನ್ನೊಂದ್ಸಲ ಬತ್ತದಾ?"

"ಸೊಪ್ಪು ಕೊಯ್ದಿದ್ದು ನಾನೂವೆ ಕಣವ್ವ."

ಆಫ್ತಾಬ್ ಖಾಲಿ ಎಣ್ಣೆ ಡಬ್ಬ ಕತ್ತರಿಸಿಕೊಂಡು ಕಂಬ ಹತ್ತಿದ. ಚಪ್ಪರದ ಮೇಲಿನ ಬೆಳಕು ಮೆಲ್ಲಗೆ ಹಿಂದೆ ಸರಿದು ಅಂಕಣದೊಳಕ್ಕೆ ಹೋಯಿತು. ಗುಂಪಾಗಿದ್ದ ಹುಳುಗಳು ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಬಿಡಿಸಿಕೊಂಡು ತಂತಮ್ಮ ಜಾಗ ಹುಡುಕತೊಡಗಿದವು. ಒಂದು ಹುಳು ತಲೆಯೆತ್ತಿ ಅತ್ತಿತ್ತ ಆಡಿಸಿ ಎಳೆ ಬಿಟ್ಟಿತು.

ಶ್ವೇತ ಚೆಂಡನ್ನು ಕಂಕುಳಿಗೆ ಅವುಚಿಕೊಂಡು ತನ್ನ ಮೂಲೆಗೆ ನಡೆದಳು. ಅಂಕಮ್ಮನಿಗೆ ಮಗಳು ಕಾಣದಾದಳು. ಕತ್ತಲಲ್ಲಿ ಅಂಗೈ ಚೆಂಡಿಗೆ ಬಡಿದ ಸದ್ದಾಯಿತು. ಮರುಗಳಿಗೆ ಚೆಂಡು ಬೆಳಕಿಗೆ ಹಾರಿ, ಬಲೆ ದಾಟಿ, ಆಚೆಯವರು ಕಾಲು ಕದಲಿಸುವ ಮೊದಲೇ ನೆಲಕ್ಕೆ ಬಿತ್ತು.

"ಎಲ್ಲಿಂದ ಬಂತಮ್ಮಿ ಅದು!" ಎದುರಿನ ಹುಡುಗಿ ಕಿರುಚಿದಳು.

ಕತ್ತಲ ಮೂಲೆಯಿಂದ ನಗುವೊಂದೇ ಕೇಳಿಸಿತು.